ಲೇಸರ್ ಚುಕ್ಕೆ ಬಿತ್ತೆಂದು ತೆಂಗು ಕಡಿಯಬೇಡಿ

ಪ್ರಶ್ನೆ: ನಮ್ಮ ಮನೆ ತೀರ್ಥಹಳ್ಳಿ ಹತ್ತಿರ, ತೋಟದ ನಡುವೆ ಇದೆ. ಮೂರು ವರ್ಷದ ಹಿಂದೆ ಡಿಡಿ ಫ್ರೀ ಡಿಶ್ ಹಾಕಿಸಿದೆವು. ಡಿಶ್ ನೆಲದಿಂದ ಸುಮಾರು ಮೂರೂವರೆ ಮೀಟರ್ ಮೇಲೆ, ಸಜ್ಜಾದ ಮೇಲಿದೆ. ಮೊದಲೆರಡು ವರ್ಷ ಏನೂ ತೊಂದರೆ ಇರಲಿಲ್ಲ. ಈಗ ಮಳೆ ಬಂದರೆ ಚಿತ್ರ ಒಡೆಯುತ್ತದೆ, ಮಳೆ ನಿಂತು ಅರ್ಧ ಗಂಟೆಯಾದರೂ ಸರಿಹೋಗುವುದಿಲ್ಲ. ಹಸಿರು ಲೇಸರ್ ಪೆನ್ ತಂದು, ಡಿಶ್‌ನ ಬಾಯಿಗೆ ಮೇಲಿಂದ ಕೆಳಕ್ಕೆ ರೀಪು ಕಟ್ಟಿ, ಮೂಲೆಮಟ್ಟ ಹಿಡಿದು ಲೇಸರನ್ನು ನೆಟ್ಟಗೆ ಕೂರಿಸಿ ರಾತ್ರಿ ಹಚ್ಚಿ ನೋಡಿದೆ. ಚುಕ್ಕೆ ಒಂಬತ್ತು ಮೀಟರ್ ದೂರದ ತೆಂಗಿನ ಗರಿಗಳ ಮೇಲೆ ಬೀಳುತ್ತಿದೆ. ಮರ ಸುಮಾರು 14 ಮೀಟರ್ ಎತ್ತರವಿದೆ. ನಾಲ್ಕು ಮೀಟರ್ ದೂರದಲ್ಲಿ 12 ಮೀಟರ್‌ನ ಒಂದು ಹಲಸೂ ಇದೆ, ಆದರೆ ಬೆಳಕು ಅದರ ಕೊಂಬೆಗಳ ಅಡಿಯಲ್ಲೇ ನುಸುಳಿ ಹೋಗುತ್ತದೆ. ಡಿಶ್ ಹಾಕಿದ ಹುಡುಗ ತೆಂಗು ತೆಗೆಸಿ ಎನ್ನುತ್ತಾನೆ. ಫಲ ಬಿಡುವ ಮರ. ಏನು ಮಾಡಲಿ?

ಉತ್ತರ: ತೆಂಗನ್ನು ಮುಟ್ಟಬೇಡಿ. ನೀವು ಕೊಟ್ಟ ಅಳತೆಗಳ ಪ್ರಕಾರ ಅದು ಡಿಶ್‌ಗೆ ಅಡ್ಡ ಬರುವ ಸಾಧ್ಯತೆಯೇ ಇಲ್ಲ. ಅನುಮಾನ ಪಡಬೇಕಾದದ್ದು ಲೇಸರ್ ಬಿಟ್ಟುಕೊಟ್ಟ ಹಲಸಿನ ಮೇಲೆ. ಲೇಸರ್ ಕೂರಿಸುವುದರಲ್ಲಿ ನಿಮ್ಮ ಕೈ ತಪ್ಪಿಲ್ಲ. ಡಿಶ್‌ನ ಮುಖ ತಿರುಗಿರುವ ಕಡೆಗೇ ಡಿಶ್ ನೋಡುತ್ತದೆ ಎಂದುಕೊಂಡದ್ದರಿಂದ ಲೆಕ್ಕ ತಪ್ಪಿದೆ. ಇದು ಬಹುತೇಕ ಎಲ್ಲರೂ ಎಡವುವ ಜಾಗ, ಹಾಗಾಗಿ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಮನೆಗಳ ಮೇಲಿರುವ ಚಿಕ್ಕ ಡಿಶ್‌ಗಳೆಲ್ಲ ಆಫ್‌ಸೆಟ್ ಮಾದರಿಯವು. ಪೂರ್ತಿ ದೊಡ್ಡ ಬೋಗುಣಿಯಿಂದ ಒಂದು ಪಕ್ಕದ ತುಂಡನ್ನು ಮಾತ್ರ ಕತ್ತರಿಸಿ ತೆಗೆದಂತೆ ಅವುಗಳ ಆಕಾರ. ಅಲೆಯನ್ನು ಹಿಡಿದು ಕೇಬಲ್ಲಿಗೆ ಕೊಡುವ ಪುಟ್ಟ ಡಬ್ಬಿ, ಅಂದರೆ ಎಲ್‌ಎನ್‌ಬಿ, ನಡುವೆ ನಿಂತು ನೆರಳು ಮಾಡದಿರಲಿ ಎಂದು ಅದನ್ನು ಕೆಳಗಿನ ಕೋಲಿನ ತುದಿಗೆ ಸರಿಸಿರುತ್ತಾರೆ. ಇದರಿಂದಾಗಿ ಉಪಗ್ರಹದ ಅಲೆ ಡಿಶ್‌ನ ಬಾಯಿಗೆ ನೇರವಾಗಿ ಬರುವುದಿಲ್ಲ, ಅದಕ್ಕಿಂತ ಇಪ್ಪತ್ತು ಇಪ್ಪತ್ತೈದು ಡಿಗ್ರಿ ಮೇಲಿನಿಂದ ಓರೆಯಾಗಿ ಬಂದು ಬೀಳುತ್ತದೆ. ರಸ್ತೆಯಲ್ಲಿ ನಿಂತು ನೋಡಿದರೆ ಡಿಶ್ ಎದುರುಮನೆಯ ಮಾಳಿಗೆ ನೋಡುತ್ತಿದೆ ಅನ್ನಿಸುತ್ತದೆ. ನಿಜವಾಗಿ ಅದರ ದೃಷ್ಟಿ ಇರುವುದು ಅದಕ್ಕಿಂತ ಬಹಳ ಮೇಲೆ.

ನಿಮ್ಮ ಡಿಶ್‌ನ ಓರೆ ಎಷ್ಟು ಎಂದು ತಿಳಿಯಲು ಟೇಪು ಸಾಕು. ಅಂಚಿನಿಂದ ಅಂಚಿಗೆ ಅಡ್ಡಳತೆ ತೆಗೆಯಿರಿ, ಆಮೇಲೆ ಮೇಲಿನ ಅಂಚಿನಿಂದ ಕೆಳಗಿನ ಅಂಚಿಗೆ ಉದ್ದಳತೆ ತೆಗೆಯಿರಿ. ಉದ್ದ ಸ್ವಲ್ಪ ಜಾಸ್ತಿ ಇರುತ್ತದೆ. ಅಡ್ಡಳತೆಯನ್ನು ಉದ್ದಳತೆಯಿಂದ ಭಾಗಿಸಿ, ಬಂದ ಸಂಖ್ಯೆಯ ಕೊಸೈನ್ ವಿಲೋಮವನ್ನು (cos⁻¹) ಮೊಬೈಲ್ ಕ್ಯಾಲ್ಕುಲೇಟರ್‌ನಲ್ಲಿ ತೆಗೆದರೆ ಅದೇ ಓರೆಯ ಕೋನ. 60 ಸೆಂಟಿಮೀಟರ್ ಅಗಲ, 66 ಸೆಂಟಿಮೀಟರ್ ಉದ್ದದ ಡಿಶ್‌ಗೆ ಇದು 24.6 ಡಿಗ್ರಿ. 65 ಉದ್ದವಿದ್ದರೆ 22.6. ಎರಡೂ ಅಳತೆ ಒಂದೇ ಬಂದರೆ, ಅಥವಾ ಅಗಲವೇ ಹೆಚ್ಚಿದ್ದರೆ, ಆ ಡಿಶ್‌ಗೆ ಈ ಲೆಕ್ಕ ಹೊಂದುವುದಿಲ್ಲ. ಆಗ ಡಿಶ್‌ನ ಗೊಡವೆ ಬಿಟ್ಟು, ಮುಂದೆ ಹೇಳುವ ಹಾಗೆ ಆಕಾಶದ ಕೋನವನ್ನೇ ನೇರವಾಗಿ ಅಳೆಯುವುದು ಒಳ್ಳೆಯದು.

ಈಗ ನಿಮ್ಮ ಮನೆಯ ಲೆಕ್ಕಕ್ಕೆ ಬರೋಣ. ಫ್ರೀ ಡಿಶ್ ವಾಹಿನಿಗಳು ಬರುವುದು ಜಿಸ್ಯಾಟ್-15 ಉಪಗ್ರಹದಿಂದ. 2015ರ ನವೆಂಬರ್‌ನಲ್ಲಿ ಫ್ರೆಂಚ್ ಗಯಾನಾದ ಕೌರುವಿನಿಂದ ಏರಿಯಾನ್-5 ರಾಕೆಟ್ಟಿನಲ್ಲಿ ಹೋದದ್ದು. ಸಮಭಾಜಕ ರೇಖೆಯ ಮೇಲೆ, 93.5 ಡಿಗ್ರಿ ಪೂರ್ವ ರೇಖಾಂಶದಲ್ಲಿ ನಿಂತಿದೆ. ಅದನ್ನು ಆ ಜಾಗದಿಂದ ಕದಲದಂತೆ ನೋಡಿಕೊಳ್ಳುವುದು ನಮ್ಮ ಹಾಸನದ ಇಸ್ರೋ ನಿಯಂತ್ರಣ ಕೇಂದ್ರ. ಆದ್ದರಿಂದ ಉಪಗ್ರಹ ಅತ್ತಿತ್ತ ಸರಿದಿರಬಹುದೇ ಎಂಬ ಚಿಂತೆ ಬೇಡ, ಮೂರು ವರ್ಷದಲ್ಲಿ ಸರಿದದ್ದು ಮರದ ಕೊಂಬೆಯೇ.

ತೀರ್ಥಹಳ್ಳಿಯಿಂದ ನೋಡಿದರೆ ಈ ಉಪಗ್ರಹ ಉತ್ತರದಿಂದ ಬಲಕ್ಕೆ ಎಣಿಸಿ 125.7 ಡಿಗ್ರಿ ದಿಕ್ಕಿನಲ್ಲಿದೆ, ಅಂದರೆ ಅಗ್ನಿಮೂಲೆಯಿಂದ ಒಂಬತ್ತು ಡಿಗ್ರಿಯಷ್ಟು ಪೂರ್ವಕ್ಕೆ. ದಿಗಂತದಿಂದ ಎತ್ತರ 63.4 ಡಿಗ್ರಿ. ಈ 63.4 ನಿಮಗೆ ಅದೃಷ್ಟದ ಸಂಖ್ಯೆ, ಏಕೆಂದರೆ ಆ ಕೋನದಲ್ಲಿ ಒಂದು ಮೀಟರ್ ಮುಂದೆ ಹೋದರೆ ದಾರಿ ಸರಿಯಾಗಿ ಎರಡು ಮೀಟರ್ ಮೇಲೇರುತ್ತದೆ. ಕ್ಯಾಲ್ಕುಲೇಟರ್ ಬೇಡ, ಬಾಯಿಲೆಕ್ಕ ಸಾಕು. ಡಿಶ್‌ನಿಂದ ಎಷ್ಟು ದೂರವೋ ಅದರ ಎರಡರಷ್ಟು ಎತ್ತರ, ಅದಕ್ಕೆ ಡಿಶ್ ಇರುವ ಎತ್ತರವನ್ನು ಕೂಡಿಸಿ.

ತೆಂಗು ಒಂಬತ್ತು ಮೀಟರ್ ದೂರದಲ್ಲಿದೆ. ಅಲ್ಲಿ ಅಲೆಯ ದಾರಿ ಡಿಶ್‌ಗಿಂತ 18 ಮೀಟರ್ ಮೇಲೆ, ನೆಲದಿಂದ 21.5 ಮೀಟರ್ ಮೇಲೆ ಹೋಗುತ್ತದೆ. ಮರ ಇರುವುದು 14 ಮೀಟರ್. ಸುಳಿಯ ತುದಿಗೂ ದಾರಿಗೂ ನಡುವೆ ಏಳೂವರೆ ಮೀಟರ್ ಖಾಲಿ ಇದೆ. ಮರ ಗಾಳಿಗೆ ಎಷ್ಟೇ ತೂಗಿದರೂ ಅಲ್ಲಿಗೆ ಮುಟ್ಟುವುದಿಲ್ಲ.

ನಿಮ್ಮ ಲೇಸರ್ ಮಾತ್ರ ಬೇರೆ ದಾರಿ ಹಿಡಿದಿತ್ತು. ನಿಮ್ಮ ಡಿಶ್ 60ಕ್ಕೆ 66ರದ್ದು ಎಂದುಕೊಂಡರೆ, ಬಾಯಿಗೆ ನೆಟ್ಟಗೆ ಕೂರಿಸಿದ್ದರಿಂದ ಅದು 63.4ರಿಂದ 24.6 ಕಳೆದು ಉಳಿದ 38.8 ಡಿಗ್ರಿಯಲ್ಲಿ ಹೋಯಿತು. ಆ ಕೋನದಲ್ಲಿ ಒಂಬತ್ತು ಮೀಟರ್ ದೂರಕ್ಕೆ ಏರುವುದು ಏಳೂಕಾಲು ಮೀಟರ್ ಮಾತ್ರ, ನೆಲದಿಂದ ಹತ್ತೂಮುಕ್ಕಾಲು ಮೀಟರ್. ತೆಂಗಿನ ಗರಿ ಜೋತು ಬೀಳುವ ಎತ್ತರ ಅದೇ. ಹಲಸಿನ ಹತ್ತಿರ ಅದೇ ಬೆಳಕು ನೆಲದಿಂದ 6.7 ಮೀಟರ್‌ನಲ್ಲಿದ್ದುದರಿಂದ ಕೊಂಬೆಗಳ ಅಡಿಯಲ್ಲಿ ದಾಟಿತು. ನಿಜವಾದ ಅಲೆಯ ದಾರಿ ಹಲಸಿನ ಬುಡದ ನೇರಕ್ಕೆ 11.5 ಮೀಟರ್ ಎತ್ತರದಲ್ಲಿದೆ. ಹಲಸು 12 ಮೀಟರ್. ಅಂದರೆ ದಾರಿ ಅದರ ತಲೆಯೊಳಗೇ ತೂರಿ ಹೋಗುತ್ತಿದೆ. ಎಲೆಯ ಹಂದರ ಎಂಟು ಮೀಟರ್‌ನಿಂದ ಶುರುವಾಗಿದ್ದರೆ, ಡಿಶ್‌ನಿಂದ ಎರಡೂಕಾಲು ಮೀಟರ್ ಮುಂದೆ ಅದರೊಳಗೆ ಹೊಕ್ಕು ನಾಲ್ಕೂಕಾಲು ಮೀಟರ್ ಮುಂದೆ ಹೊರಬರುತ್ತದೆ.

ಇದು ಹಲಸು ನೇರವಾಗಿ 125.7 ಡಿಗ್ರಿಯ ಕಡೆಗೇ ಇದೆ ಎಂದುಕೊಂಡು ಹಾಕಿದ ಲೆಕ್ಕ. ಅದು ನಿಜವೇ ಎಂಬುದನ್ನು ನೀವೇ ನೋಡಬೇಕು. ಅದಕ್ಕೆ ಲೇಸರನ್ನು ಡಿಶ್‌ನಿಂದ ಬಿಚ್ಚಿ.

ಎರಡಡಿ ಉದ್ದದ, ಒಂದಿಂಚಿನ ಚೌಕ ಅಲ್ಯೂಮಿನಿಯಂ ಪೈಪ್ ಒಂದು ತೆಗೆದುಕೊಳ್ಳಿ. ಹಾರ್ಡ್‌ವೇರ್ ಅಂಗಡಿಯಲ್ಲಿ ಕತ್ತರಿಸಿಕೊಡುತ್ತಾರೆ. ಕಬ್ಬಿಣದ್ದು ಬೇಡ, ದಿಕ್ಸೂಚಿ ಕೆಡುತ್ತದೆ. ಲೇಸರ್ ಪೆನ್ನನ್ನು ಅದರ ಮೇಲೆ ಎರಡು ಕೇಬಲ್ ಟೈಗಳಿಂದ ಬಿಗಿಯಿರಿ. ಬಿಗಿಯುವ ಮೊದಲು ಒಂದು ಪರೀಕ್ಷೆ ತಪ್ಪಿಸಲೇಬಾರದು. ಅಗ್ಗದ ಪೆನ್ನುಗಳಲ್ಲಿ ಬೆಳಕು ಪೆನ್ನಿನ ಮೈಗೆ ನೇರವಾಗಿ ಹೊರಡುವುದಿಲ್ಲ. ಪೆನ್ನನ್ನು ಎರಡು ಪುಸ್ತಕಗಳ ಸಂದಿಯಲ್ಲಿಟ್ಟು ಐದು ಮೀಟರ್ ದೂರದ ಗೋಡೆಗೆ ಹಿಡಿದು, ಅಲ್ಲೇ ಸುಮ್ಮನೆ ಉರುಳಿಸಿ. ಚುಕ್ಕೆ ನಿಂತಲ್ಲೇ ನಿಂತರೆ ಪೆನ್ನು ನೇರವಿದೆ. ಗೋಡೆಯ ಮೇಲೆ ವೃತ್ತ ಬರೆದರೆ ಅದರ ತ್ರಿಜ್ಯ ಅಳೆಯಿರಿ. ಐದು ಮೀಟರ್‌ನಲ್ಲಿ 8.7 ಸೆಂಟಿಮೀಟರ್ ಅಂದರೆ ಒಂದು ಡಿಗ್ರಿ ತಪ್ಪು. ಮೂರು ನಾಲ್ಕು ಡಿಗ್ರಿ ಓರೆ ಇರುವ ಪೆನ್ನುಗಳೂ ಸಿಗುತ್ತವೆ. ಅಂಥದ್ದನ್ನು ಹಾಗೇ ಕಟ್ಟಿದರೆ ಇಡೀ ಅಳತೆ ವ್ಯರ್ಥ.

ಓರೆ ಇದ್ದರೂ ಸರಿಮಾಡಿಕೊಳ್ಳಬಹುದು. ರಸಮಟ್ಟ ಇಟ್ಟು ಪೈಪನ್ನು ಸಮತಲ ಮಾಡಿ. ಲೇಸರ್ ಬಾಯಿ ಇರುವ ಮಟ್ಟವನ್ನು ಮೇಸ್ತ್ರಿಗಳ ನೀರು ತುಂಬಿದ ಲೆವೆಲ್ ಟ್ಯೂಬಿನಿಂದ ಎದುರು ಗೋಡೆಗೆ ಒಯ್ದು ಗುರುತು ಹಾಕಿ. ಚುಕ್ಕೆ ಆ ಗುರುತಿನ ಮೇಲೆ ಬೀಳುವವರೆಗೆ ಪೆನ್ನಿನ ಒಂದು ತುದಿಗೆ ರಟ್ಟಿನ ಚೂರು ಕೊಡಿ. ಅಡ್ಡಕ್ಕೂ ಓರೆಯಿದೆಯೇ ಎಂದು ಪೈಪಿನ ಅಂಚಿನ ಮೇಲೆ ಕಣ್ಣಿಟ್ಟು ನೋಡಿ, ಚುಕ್ಕೆ ಅಂಚಿನ ನೇರಕ್ಕೆ ಬರುವಂತೆ ತಿರುಗಿಸಿ. ಹೊಂದಿಸಿದ ಮೇಲೆ ಎಂ-ಸೀಲ್ ಹಚ್ಚಿ ಗಟ್ಟಿ ಮಾಡಿಬಿಟ್ಟರೆ ಆಮೇಲೆ ಅಲುಗುವುದಿಲ್ಲ.

ಎತ್ತರದ ಕೋನಕ್ಕೆ ಮೊಬೈಲಿನ ಕೋನ ಅಳೆಯುವ ಆ್ಯಪ್ ಬಳಸಬಹುದು. ಆದರೆ ಮೊಬೈಲಿನ ಹಿಂಬದಿ ಕ್ಯಾಮೆರಾ ಉಬ್ಬಿರುತ್ತದೆ, ಪೈಪಿನ ಮೇಲೆ ಮಟ್ಟಸವಾಗಿ ಕೂರುವುದಿಲ್ಲ. ಪಕ್ಕದ ಅಂಚನ್ನು ತಾಗಿಸಿ ಇಡಬೇಕು. ನಿಮಗಂತೂ ಇದಕ್ಕಿಂತ ಸರಳ ದಾರಿಯಿದೆ. ಒಂದು ಪ್ಲೈವುಡ್ ತುಂಡಿನಲ್ಲಿ 20 ಸೆಂಟಿಮೀಟರ್ ಬುಡ, 40 ಸೆಂಟಿಮೀಟರ್ ಎತ್ತರದ ಲಂಬಕೋನ ತ್ರಿಕೋನ ಕತ್ತರಿಸಿ. ಅದರ ಓರೆ ಬದಿಯೇ 63.4 ಡಿಗ್ರಿ. 40 ಸೆಂಟಿಮೀಟರ್‌ನ ಬದಿಗೆ ತೂಗುಗುಂಡಿನ ದಾರ ಇಳಿಬಿಡಿ. ದಾರ ಬದಿಗೆ ಸಮನಾಗಿ ನಿಂತಾಗ, ಓರೆ ಬದಿಗೆ ಆನಿಸಿಟ್ಟ ಪೈಪ್ ಉಪಗ್ರಹದ ಎತ್ತರಕ್ಕೇ ಮುಖ ಮಾಡಿರುತ್ತದೆ.

ದಿಕ್ಕಿನ ವಿಷಯದಲ್ಲಿ ಆಗುವ ತಪ್ಪು ಎತ್ತರಕ್ಕಿಂತ ಹೆಚ್ಚು. ದಿಕ್ಸೂಚಿಯ ಮುಳ್ಳು ತೋರಿಸುವ ಉತ್ತರಕ್ಕೂ ನಿಜವಾದ ಉತ್ತರಕ್ಕೂ ನಮ್ಮ ಕಡೆ ಇರುವ ವ್ಯತ್ಯಾಸ ಒಂದೆರಡು ಡಿಗ್ರಿಯಷ್ಟೇ. ಮುಳ್ಳು ತುಸು ಪಶ್ಚಿಮಕ್ಕೆ ನಿಲ್ಲುತ್ತದೆ, ಹಾಗಾಗಿ ದಿಕ್ಸೂಚಿಯಲ್ಲಿ 127 ಡಿಗ್ರಿ ನೋಡಿಕೊಂಡರೆ ಸರಿ. ಆದರೆ ಡಿಶ್ ನಿಲ್ಲಿಸಿದ ಕಬ್ಬಿಣದ ಕಂಬ, ಸಜ್ಜಾದೊಳಗಿನ ಸರಳು, ಮೇಲಿನ ತಗಡಿನ ಶೀಟು ಇವೆಲ್ಲ ಸೇರಿ ಅದೇ ಮುಳ್ಳನ್ನು ಹತ್ತು ಹದಿನೈದು ಡಿಗ್ರಿ ತಿರುಗಿಸಬಲ್ಲವು. ಸಜ್ಜಾದ ಮೇಲೆ ನಿಂತು ದಿಕ್ಕು ತೆಗೆಯಲೇಬೇಡಿ. ಅಂಗಳಕ್ಕಿಳಿದು, ಕಬ್ಬಿಣದಿಂದ ನಾಲ್ಕೈದು ಮೀಟರ್ ಆಚೆ ನಿಂತು, ಡಿಶ್‌ನ ನೇರಕ್ಕೆ 127ರ ಸಾಲು ಹಿಡಿದು ಎರಡು ಗೂಟ ನೆಡಿ. ಸಜ್ಜಾದಿಂದ ನೋಡುವಾಗ ಎರಡೂ ಗೂಟ ಒಂದರ ಹಿಂದೊಂದು ಬಂದರೆ ಅದೇ ದಿಕ್ಕು.

ಇಷ್ಟಾದ ಮೇಲೆ ಮುಸ್ಸಂಜೆ ಹೊತ್ತಿಗೆ ಪೈಪನ್ನು ಡಿಶ್‌ನ ಪಕ್ಕದಲ್ಲೇ ಹಿಡಿದು, ಗೂಟಗಳ ನೇರಕ್ಕೆ ತಿರುಗಿಸಿ, ತ್ರಿಕೋನದ ಓರೆಗೆ ಆನಿಸಿ ಹಚ್ಚಿ. ಹಿಡಿಯುವವರು ಒಬ್ಬರು, ನೋಡುವವರು ಇನ್ನೊಬ್ಬರು ಇರಬೇಕು. ಒಬ್ಬರೇ ಎರಡೂ ಮಾಡಹೋದರೆ ಕೈ ಅಲುಗುತ್ತದೆ. ಹಸಿರು ಬೆಳಕಿನ ಪೆನ್ನೇ ಒಳ್ಳೆಯದು, ಅಷ್ಟೇ ಶಕ್ತಿಯ ಕೆಂಪಿಗಿಂತ ನಮ್ಮ ಕಣ್ಣಿಗೆ ಅದು ಹಲವು ಪಟ್ಟು ಪ್ರಕಾಶವಾಗಿ ಕಾಣುತ್ತದೆ. ಹಗಲಲ್ಲಿ ಎರಡೂ ಉಪಯೋಗವಿಲ್ಲ, ಬಿಸಿಲಲ್ಲಿ ಎಲೆಯ ಮೇಲಿನ ಚುಕ್ಕೆ ಕಾಣುವುದೇ ಇಲ್ಲ. ಧನುರ್ಮಾಸದ ಚಳಿಯಲ್ಲಿ ಹಸಿರು ಪೆನ್ನು ಮಂಕಾಗುವುದುಂಟು. ಜೇಬಿನಲ್ಲಿಟ್ಟು ಬೆಚ್ಚಗೆ ಮಾಡಿಕೊಂಡರೆ ಸರಿಹೋಗುತ್ತದೆ.

ದಾರಿ ಖಾಲಿ ಇದ್ದರೆ ಚುಕ್ಕೆ ಎಲ್ಲೂ ಕಾಣುವುದಿಲ್ಲ. ಲೇಸರ್ ಹೇಳಬಲ್ಲದ್ದು ಇಲ್ಲಿ ಅಡ್ಡವಿದೆ ಎಂಬ ಒಂದೇ ಮಾತು. 36 ಸಾವಿರ ಕಿಲೋಮೀಟರ್ ಆಚೆಯ ಉಪಗ್ರಹಕ್ಕೆ ಬೆಳಕು ಮುಟ್ಟಿತೇ ಎಂದು ತಿಳಿಯುವ ದಾರಿಯಿಲ್ಲ. ಚುಕ್ಕೆ ಕಾಣದಿದ್ದಾಗ, ಅದು ದಾರಿ ಖಾಲಿಯಿರುವುದರಿಂದಲೋ ಅಥವಾ ಬ್ಯಾಟರಿ ಇಳಿದಿರುವುದರಿಂದಲೋ ಎಂದು ತಿಳಿಯಲು ಪೈಪನ್ನು ಒಮ್ಮೆ ಕೆಳಗಿಳಿಸಿ ತೆಂಗಿನ ಗರಿಗೆ ಹಿಡಿದು ನೋಡಿ.

ಇನ್ನೊಂದು ವಿಷಯವನ್ನು ಅನುಭವಿ ಮೆಕ್ಯಾನಿಕ್‌ಗಳೂ ಮರೆಯುತ್ತಾರೆ. ಲೇಸರ್ ದಾರದಷ್ಟು ತೆಳುವು. ಡಿಶ್ ಹಿಡಿಯುವ ಅಲೆ ಡಿಶ್‌ನಷ್ಟೇ ದಪ್ಪದ ಕಂಬದಂತಿರುತ್ತದೆ. ಹತ್ತಾರು ಎಲೆಗಳ ಸಂದಿಯಲ್ಲಿ ದಾರ ನುಸುಳಿ ಹೋದರೂ ಕಂಬ ನುಸುಳುವುದಿಲ್ಲ. ಆದ್ದರಿಂದ ಪೈಪಿನ ಕೋನ ಬದಲಿಸದೆ ಡಿಶ್‌ನ ಮೇಲಂಚು, ಕೆಳಂಚು, ಎಡ, ಬಲ, ನಡು ಹೀಗೆ ಐದು ಕಡೆ ಇಟ್ಟು ನೋಡಬೇಕು. ಅದರ ಮೇಲೂ ಸ್ವಲ್ಪ ಜಾಗ ಬೇಕು. ಫ್ರೀ ಡಿಶ್ ಅಲೆಯ ಉದ್ದ ಸುಮಾರು 2.6 ಸೆಂಟಿಮೀಟರ್. ಆ ಲೆಕ್ಕದಲ್ಲಿ ನಾಲ್ಕು ಮೀಟರ್ ದೂರದ ಕೊಂಬೆಯ ಹತ್ತಿರ ನಡುಗೆರೆಯಿಂದ ಸುತ್ತ 32 ಸೆಂಟಿಮೀಟರ್, ಹತ್ತು ಮೀಟರ್ ದೂರದಲ್ಲಿ ಅರ್ಧ ಮೀಟರ್‌ವರೆಗೂ ಏನೂ ಇರಬಾರದು. ಗಾಳಿಗೆ ಕೊಂಬೆ ತೂಗುವುದನ್ನೂ, ಮುಂದಿನ ಎರಡು ವರ್ಷದ ಚಿಗುರನ್ನೂ ಸೇರಿಸಿಕೊಂಡರೆ ಹಲಸಿನಲ್ಲಿ ಒಂದೂವರೆ ಮೀಟರ್ ಅಗಲದ ಕಿಂಡಿ ಬೇಕಾಗುತ್ತದೆ. ಅಷ್ಟಕ್ಕೆ ಎರಡೋ ಮೂರೋ ಕೊಂಬೆ ತೆಗೆದರೆ ಸಾಕು, ಮರ ಹಾಗೇ ಉಳಿಯುತ್ತದೆ. ಯಾವ ಕೊಂಬೆ ಎಂದು ಮರ ಹತ್ತುವವರಿಗೆ ತೋರಿಸುವಾಗ ಲೇಸರ್ ಹಚ್ಚಬೇಡಿ. ಹಿಂದಿನ ಸಂಜೆಯೇ ಚುಕ್ಕೆ ಬಿದ್ದ ಕೊಂಬೆಗಳನ್ನು ಗುರುತಿಟ್ಟುಕೊಂಡು, ಬೆಳಗ್ಗೆ ಬಿದಿರುಗಳದ ತುದಿಗೆ ಬಣ್ಣದ ಬಟ್ಟೆ ಕಟ್ಟಿ ತೋರಿಸಿ. ಪಕ್ಕದಲ್ಲಿ ಕರೆಂಟಿನ ತಂತಿ ಹಾದುಹೋಗಿದ್ದರೆ ಲೈನ್‌ಮನ್‌ಗೆ ಹೇಳಿ ಲೈನ್ ಆಫ್ ಮಾಡಿಸಿದ ಮೇಲೆಯೇ ಗಳ ಎತ್ತುವುದು, ಮರ ಹತ್ತಿಸುವುದು.

ಲೇಸರ್ ಇಲ್ಲದೆಯೂ ಇದೇ ಪರೀಕ್ಷೆ ಆಗುತ್ತದೆ. ಅರ್ಧ ಇಂಚಿನ, ಎರಡಡಿ ಉದ್ದದ ಪಿವಿಸಿ ಪೈಪನ್ನು ಅದೇ ತ್ರಿಕೋನಕ್ಕೆ ಆನಿಸಿ ಒಳಗಿಂದ ಕಣ್ಣಿಟ್ಟು ನೋಡಿದರೆ, ಕಾಣುವ ಪುಟ್ಟ ವೃತ್ತದಲ್ಲಿ ಆಕಾಶವಿದೆಯೋ ಎಲೆಯಿದೆಯೋ ಗೊತ್ತಾಗುತ್ತದೆ. ಹಗಲಲ್ಲೇ ಮಾಡಬಹುದು, ಖರ್ಚೂ ಇಲ್ಲ, ಯಾರ ಕಣ್ಣಿಗೂ ಅಪಾಯವಿಲ್ಲ. ಮೊದಲು ಇದನ್ನೇ ಮಾಡಿ ಎಂಬುದು ನನ್ನ ಸಲಹೆ. ಸೂರ್ಯ ಆ ಕಡೆ ಇರುವ ಬೆಳಗಿನ ಹತ್ತರಿಂದ ಹನ್ನೆರಡರವರೆಗೆ ಮಾತ್ರ ಪೈಪಿಗೆ ಕಣ್ಣಿಡಬಾರದು.

ಆ ಹೊತ್ತಿನ ಸೂರ್ಯನಿಂದಲೇ ಇನ್ನೂ ಒಳ್ಳೆಯ ಪರೀಕ್ಷೆ ಸಿಗುತ್ತದೆ. ವರ್ಷಕ್ಕೆ ಎರಡು ಸಲ ಸೂರ್ಯ ನಮ್ಮ ಕಣ್ಣಿಗೆ ಉಪಗ್ರಹದ ಬೆನ್ನ ಹಿಂದೆಯೇ ಬಂದು ನಿಲ್ಲುತ್ತಾನೆ. ನಿಮ್ಮೂರಿಗೆ ಅದು ಮಾರ್ಚ್ 14ರ ಆಸುಪಾಸು ಬೆಳಗ್ಗೆ ಸುಮಾರು 11 ಗಂಟೆ 13 ನಿಮಿಷಕ್ಕೆ, ಮತ್ತೆ ಸೆಪ್ಟೆಂಬರ್ 29ರ ಆಸುಪಾಸು 10 ಗಂಟೆ 54 ನಿಮಿಷಕ್ಕೆ. ಆ ದಿನಗಳಲ್ಲಿ ಸೂರ್ಯನ ಗದ್ದಲಕ್ಕೆ ಕೆಲವು ನಿಮಿಷ ಸಿಗ್ನಲ್ ಹೋಗುವುದೂ ಇದರಿಂದಲೇ, ಅದಕ್ಕೆ ಗಾಬರಿಯಾಗಬೇಡಿ. ಆ ನಿಮಿಷದಲ್ಲಿ ಹೊರಗೆ ಹೋಗಿ ಡಿಶ್‌ನ ಮುಖ ನೋಡಿ. ಪೂರ್ತಿ ಬಿಸಿಲು ಬಿದ್ದಿದ್ದರೆ ದಾರಿ ಸ್ವಚ್ಛ. ಅದರ ಮೇಲೆ ಎಲೆಯ ನೆರಳು ಆಡುತ್ತಿದ್ದರೆ, ಆ ನೆರಳಿನ ಎಲೆಯೇ ನಿಮ್ಮ ತೊಂದರೆ. ದಿಕ್ಸೂಚಿ, ತ್ರಿಕೋನ ಯಾವುದೂ ಬೇಡ, ಡಿಶ್‌ನ ಪೂರ್ತಿ ಅಗಲವನ್ನೂ ಒಂದೇ ಸಲಕ್ಕೆ ಪರೀಕ್ಷೆ ಮಾಡಿದಂತಾಗುತ್ತದೆ. ಮೋಡ ಇದ್ದರೆ ಮರುದಿನ ನೋಡಿ. ಒಂದು ದಿನಕ್ಕೆ ಸೂರ್ಯ ಸರಿಯುವುದು 0.4 ಡಿಗ್ರಿ, ಆದ್ದರಿಂದ ನಾಲ್ಕು ದಿನ ಆಚೀಚೆಯಾದರೂ ನಡೆಯುತ್ತದೆ. ಡಿಶ್‌ಗೆ ಹೊಸ ಜಾಗ ಹುಡುಕುತ್ತಿರುವವರು ಆ ಹೊತ್ತಿನಲ್ಲಿ ಅಂಗಳದಲ್ಲಿ ಬಿಸಿಲು ಬಿದ್ದ ಜಾಗಗಳಿಗೆ ಸುಣ್ಣದಲ್ಲಿ ಗುರುತು ಹಾಕಿಟ್ಟುಕೊಂಡರೆ ಕೆಲಸ ಮುಗಿಯಿತು.

ಮರವೇ ಕಾರಣ ಎಂದು ತೀರ್ಮಾನಿಸುವ ಮೊದಲು, ತೊಂದರೆ ಬರುವ ರೀತಿಯನ್ನೂ ಗಮನಿಸಿ. ಆಗುಂಬೆಯ ಸೀಮೆಯ ಮಳೆಗೆ ಯಾವ ಡಿಶ್ ಆದರೂ ಆಗಾಗ ಸೋಲುತ್ತದೆ. ಮೋಡದಿಂದ ಇಳಿಯುವ ಮಳೆಹನಿಗಳ ನಡುವೆ ಅಲೆ ಬರಬೇಕು. ಮಳೆ ಐದು ಕಿಲೋಮೀಟರ್ ಎತ್ತರದಿಂದ ಸುರಿಯುತ್ತಿದ್ದರೆ, ಅಗ್ನಿಮೂಲೆಯ ಕಡೆ ಎರಡೂವರೆ ಕಿಲೋಮೀಟರ್‌ವರೆಗಿನ ಮಳೆಯೆಲ್ಲ ನಿಮ್ಮ ದಾರಿಯಲ್ಲೇ ಇರುತ್ತದೆ. ಆದರೆ ಹಾಗೆ ಹೋದ ಸಿಗ್ನಲ್ ಜೋರು ಮಳೆ ಕಡಿಮೆಯಾದ ಕೆಲವೇ ನಿಮಿಷಕ್ಕೆ ವಾಪಸ್ ಬರುತ್ತದೆ. ಮಳೆ ನಿಂತು ಅರ್ಧ ಗಂಟೆಯಾದರೂ ಬಾರದಿದ್ದರೆ, ಒದ್ದೆ ಎಲೆಗಳತ್ತ ನೋಡಬೇಕು. ಒಣ ಎಲೆ ಅಲೆಯನ್ನು ಸ್ವಲ್ಪ ಬಿಟ್ಟುಕೊಡುತ್ತದೆ, ನೀರು ಹಿಡಿದ ಎಲೆ ನುಂಗಿಹಾಕುತ್ತದೆ. ಹಲಸಿನ ದಪ್ಪ ಎಲೆಯ ಮೇಲೆ ನೀರಿನ ಪೊರೆ ಬೇಗ ಹೋಗುವುದಿಲ್ಲ. ಬೇಸಿಗೆಯಲ್ಲಿ ಸರಿಯಿದ್ದು ಮಳೆಗಾಲದಲ್ಲಿ ಕೈಕೊಡುವುದು ಇದೇ ಕಾರಣಕ್ಕೆ. ಮಳೆಯಿಲ್ಲದ, ಗಾಳಿ ಬೀಸುವ ಮಧ್ಯಾಹ್ನ ಸೆಟ್‌ಟಾಪ್ ಬಾಕ್ಸ್‌ನ ಸಿಗ್ನಲ್ ಪುಟ ತೆರೆದು ಕ್ವಾಲಿಟಿ ಸಂಖ್ಯೆ ನೋಡಿ. ಗಾಳಿ ಬಂದಾಗ ಅದು ಏರಿಳಿದರೆ ಕೊಂಬೆಯೋ, ಸಡಿಲವಾದ ಕಂಬವೋ ಕಾರಣ. ಕಂಬವನ್ನು ಕೈಯಲ್ಲಿ ಅಲುಗಿಸಿ ನೋಡಿದರೆ ಎರಡರಲ್ಲಿ ಯಾವುದೆಂದು ತಿಳಿಯುತ್ತದೆ.

ಮಳೆ ನಿಂತು ಇಡೀ ದಿನ ಬಿಸಿಲು ಬಿದ್ದ ಮೇಲೆ ಮಾತ್ರ ಸರಿಯಾಗುತ್ತದೆ ಎಂದಾದರೆ ಎಲೆ, ಮಳೆ ಎರಡೂ ಅಲ್ಲ, ಎಲ್‌ಎನ್‌ಬಿಯ ಕನೆಕ್ಟರಿಗೆ ನೀರು ಹೊಕ್ಕಿದೆ. ಬಿಚ್ಚಿ ನೋಡಿ. ಕೇಬಲ್ಲಿನ ಜಾಲರಿ ಹಸಿರು ಅಥವಾ ಕಪ್ಪು ತಿರುಗಿದ್ದರೆ ಒಂದಡಿ ಕತ್ತರಿಸಿ ಹೊಸ ಕನೆಕ್ಟರ್ ಹಾಕಿ. ಕೇಬಲ್ ಎಲ್‌ಎನ್‌ಬಿಗೆ ಸೇರುವ ಮೊದಲು ಒಂದು ಬಳಸು ಕೆಳಗಿಳಿದು ಮೇಲೇರುವಂತಿರಲಿ, ನೀರು ಅಲ್ಲೇ ತೊಟ್ಟಿಕ್ಕಿ ಹೋಗುತ್ತದೆ. ಎಲ್‌ಎನ್‌ಬಿಯ ಮೂತಿಯ ಪ್ಲಾಸ್ಟಿಕ್ ಮುಚ್ಚಳ ಬಿರಿದಿದೆಯೇ ಎಂದೂ ನೋಡಿ.

ಲೇಸರಿನ ಅಪಾಯವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಒಂದು ಮಿಲಿವ್ಯಾಟ್‌ವರೆಗಿನ ಎರಡನೇ ವರ್ಗದ ಪೆನ್ನು ಆಕಸ್ಮಾತ್ ಕಣ್ಣಿಗೆ ತಗುಲಿದರೆ ರೆಪ್ಪೆ ತಾನೇ ಮುಚ್ಚಿ ಕಾಪಾಡುತ್ತದೆ. ಐದು ಮಿಲಿವ್ಯಾಟ್ ಮೀರಿದರೆ ರೆಪ್ಪೆ ಮುಚ್ಚುವಷ್ಟರಲ್ಲಿ ಕಣ್ಣಿನ ಪರದೆ ಸುಡಬಹುದು. ಸಂತೆಯಲ್ಲಿ ಸಿಗುವ ಹಸಿರು ಪೆನ್ನುಗಳ ಮೇಲೆ ಬರೆದದ್ದೇ ಒಂದು, ಒಳಗಿರುವುದೇ ಒಂದು. ಮೇಲಾಗಿ ಆ ಹಸಿರು ಬೆಳಕನ್ನು ಕಣ್ಣಿಗೆ ಕಾಣದ ಅವಕೆಂಪು ಬೆಳಕಿನಿಂದ ತಯಾರಿಸುತ್ತಾರೆ, ಸೋಸುಗಾಜು ಇಲ್ಲದ ಅಗ್ಗದ ಪೆನ್ನಿನಿಂದ ಅದೂ ಹೊರಬರುತ್ತದೆ. ಬೆಂಕಿಕಡ್ಡಿ ಹೊತ್ತಿಸುತ್ತದೆ, ಬಲೂನು ಒಡೆಯುತ್ತದೆ ಎಂದು ಹೇಳಿ ಮಾರುವ ಪೆನ್ನನ್ನು ಈ ಕೆಲಸಕ್ಕೆ ಖಂಡಿತ ತರಬೇಡಿ. ಕೆಲಸದ ಹೊತ್ತಲ್ಲಿ ಮಕ್ಕಳು ಹತ್ತಿರ ಇರಬಾರದು, ಮರದ ಮೇಲೆ ಜನ ಇರಬಾರದು, ಎದುರಿಗೆ ಕಿಟಕಿ ಗಾಜು ಇರಬಾರದು.

ಆಕಾಶಕ್ಕೆ ಹಿಡಿಯುವಾಗ ಇನ್ನೂ ಎಚ್ಚರ ಬೇಕು. ಕಿಲೋಮೀಟರ್‌ಗಟ್ಟಲೆ ದೂರದಲ್ಲೂ ಈ ಬೆಳಕು ವಿಮಾನದ ಪೈಲಟ್‌ನ ಕಣ್ಣು ಕೋರೈಸಬಲ್ಲದು. ವಿಮಾನದತ್ತ ಲೇಸರ್ ಬಿಡುವುದು ಶಿಕ್ಷೆಯಾಗುವ ಅಪರಾಧ. 2023ರಿಂದ ಶಿವಮೊಗ್ಗದ ಸೋಗಾನೆಯಲ್ಲೂ ವಿಮಾನ ಇಳಿಯುತ್ತಿದೆ. ಅಲ್ಲಿ, ಬಜ್ಪೆ, ದೇವನಹಳ್ಳಿ, ಸಾಂಬ್ರಾ ಸುತ್ತಮುತ್ತ ಇರುವವರು ಲೇಸರ್ ಮರೆತು ಪಿವಿಸಿ ಪೈಪನ್ನೇ ಬಳಸಬೇಕು. ಉಳಿದವರು ಕಿವಿಗೊಟ್ಟು, ಸದ್ದಿಲ್ಲ ಎಂದು ಖಾತ್ರಿಯಾದ ಮೇಲೆ ಒಂದೆರಡು ಸೆಕೆಂಡ್ ಹಚ್ಚಿ ಆರಿಸಿ. ಎಲೆಯ ಮೇಲೆ ಚುಕ್ಕೆ ಕಾಣಲು ಅಷ್ಟು ಹೊತ್ತು ಸಾಕು.

ಬೇರೆ ಊರಿನವರಿಗೆ ಕೋನ ಸ್ವಲ್ಪ ಬದಲಾಗುತ್ತದೆ. ಇದೇ ಉಪಗ್ರಹ ಬೆಂಗಳೂರಿನಿಂದ 128 ಡಿಗ್ರಿ ದಿಕ್ಕಿನಲ್ಲಿ 66 ಡಿಗ್ರಿ ಎತ್ತರದಲ್ಲಿದೆ, ಅಲ್ಲಿ ಮೀಟರಿಗೆ ಎರಡೂಕಾಲು ಮೀಟರ್ ಏರುತ್ತದೆ. ಮಂಗಳೂರಿನಿಂದ 123.5 ಮತ್ತು 63.6, ಅಲ್ಲಿಗೂ ನಿಮ್ಮ ತ್ರಿಕೋನವೇ ಆಗುತ್ತದೆ. ಬೆಳಗಾವಿಯಲ್ಲಿ 128 ಮತ್ತು 61.3, ಏರಿಕೆ 1.82. ಕಲಬುರಗಿಯಲ್ಲಿ ಸರಿಯಾಗಿ ಅಗ್ನಿಮೂಲೆಗೆ, 62 ಡಿಗ್ರಿ, ಏರಿಕೆ 1.89.

ಹಲಸಿನ ಕೊಂಬೆಯನ್ನೂ ತೆಗೆಸಲು ಮನಸ್ಸಿಲ್ಲದಿದ್ದರೆ ಡಿಶ್ ಸರಿಸಿ. ಮನೆಗೆ ಇನ್ನೂ ಹತ್ತಿರ ಸರಿಸಿದರೆ ಮರ ದೂರವಾಗುತ್ತದೆ, ಒಂದು ಮೀಟರ್ ಹಿಂದೆ ಹೋದರೆ ಅಲೆಯ ದಾರಿ ಮರದ ಬಳಿ ಎರಡು ಮೀಟರ್ ಮೇಲೇರುತ್ತದೆ. ಕಂಬವನ್ನು ಒಂದು ಮೀಟರ್ ಎತ್ತರಿಸಿದರೆ ಸಿಗುವುದು ಒಂದೇ ಮೀಟರ್. ಹಾಗಾಗಿ ಎತ್ತರಿಸುವುದಕ್ಕಿಂತ ಹಿಂದೆ ಸರಿಸುವುದೇ ಲಾಭ. ಬರೀ ಮಳೆಯ ಹೊಡೆತವಾಗಿದ್ದರೆ 60ರ ಬದಲು 90 ಸೆಂಟಿಮೀಟರ್ ಡಿಶ್ ಎರಡೂಕಾಲು ಪಟ್ಟು ಹೆಚ್ಚು ಅಲೆ ಹಿಡಿಯುತ್ತದೆ, ಆದರೆ ಎಲೆಯ ಹಿಂದೆ ನಿಂತ ಡಿಶ್‌ಗೆ ಆ ಖರ್ಚು ದಂಡ. ಹಣ ಕೊಟ್ಟು ನೋಡುವ ಸೇವೆಗೆ ಬದಲಾಗುವ ಯೋಚನೆಯಿದ್ದರೆ ಅದರ ಉಪಗ್ರಹ ಎಲ್ಲಿದೆ ಎಂದು ಮೊದಲು ಕೇಳಿ. ಟಾಟಾ ಪ್ಲೇಯ 83 ಡಿಗ್ರಿ ಉಪಗ್ರಹ ನಿಮ್ಮೂರಿನಿಂದ 150 ಡಿಗ್ರಿ ದಿಕ್ಕಿನಲ್ಲಿ, 71.6 ಡಿಗ್ರಿ ಎತ್ತರದಲ್ಲಿ ಸಿಗುತ್ತದೆ. ಅಲ್ಲಿ ಮೀಟರಿಗೆ ಮೂರು ಮೀಟರ್ ಏರಿಕೆ, ದಿಕ್ಕೂ ಬೇರೆ, ಹಲಸನ್ನು ಪೂರ್ತಿ ತಪ್ಪಿಸಿದಂತೆಯೇ ಆಗಬಹುದು. ಅದೇ 108 ಡಿಗ್ರಿ ರೇಖಾಂಶದ ಉಪಗ್ರಹವಾದರೆ ಎತ್ತರ 49 ಡಿಗ್ರಿ ಮಾತ್ರ, ಮೀಟರಿಗೆ 1.15ರಷ್ಟೇ ಏರಿಕೆ. 110 ಡಿಗ್ರಿಯ ಆ ದಿಕ್ಕಿನಲ್ಲಿ ಎತ್ತರದ ಅಡಿಕೆ ಮರಗಳಿದ್ದರೆ, ಹಾಕಿಸುವ ಮೊದಲೇ ಪಿವಿಸಿ ಪೈಪಿನಲ್ಲಿ ಒಮ್ಮೆ ಕಣ್ಣಿಟ್ಟು ನೋಡಿ.